ಮಿತ ಬಜೆಟ್ಟಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್: ಹೆಸರಿಗೆ ಮರುಳಾಗುವ ಮುನ್ನ

ಸಿಇಟಿ ಸೀಟು ಹಂಚಿಕೆ ಮುಗಿದು ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾಗುವ ಹೊತ್ತಿಗೆ ರಾಜ್ಯದ ನಗರಗಳ ಕಂಪ್ಯೂಟರ್ ಮಳಿಗೆಗಳಲ್ಲಿ ವ್ಯಾಪಾರ ಬಿರುಸಾಗುತ್ತದೆ. ಹಿರಿಯರ ಲೆಕ್ಕದಲ್ಲಿ ಕೊಳ್ಳಬೇಕಾದದ್ದು ಓದಿಗೆ ಒದಗುವ ಲ್ಯಾಪ್‌ಟಾಪ್. ಮಕ್ಕಳ ಲೆಕ್ಕದಲ್ಲಿ ಓದಿನ ಜೊತೆಗೆ ಆಟಕ್ಕೂ ಒದಗುವ ಯಂತ್ರ. ಈ ಎರಡು ಬೇಡಿಕೆಗಳ ನಡುವಿನ ರಾಜಿಯಾಗಿ 60ರಿಂದ 70 ಸಾವಿರ ರೂಪಾಯಿಗಳ ಆಸುಪಾಸಿನ ಗೇಮಿಂಗ್ ಲ್ಯಾಪ್‌ಟಾಪ್ ಮನೆಗೆ ಬರುತ್ತದೆ.

ಮಧ್ಯಮ ವರ್ಗದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಒಮ್ಮೆ ಕೊಂಡ ಮೇಲೆ ನಾಲ್ಕು ವರ್ಷಗಳ ಪದವಿ ಮುಗಿಯುವವರೆಗೂ ಅದೇ ಯಂತ್ರ ದುಡಿಯಬೇಕು. ಆಯ್ಕೆ ತಪ್ಪಿದರೆ ಮತ್ತೊಂದು ಕೊಳ್ಳುವ ಅನುಕೂಲ ಬಹುತೇಕ ಮನೆಗಳಲ್ಲಿ ಇರುವುದಿಲ್ಲ. ಗ್ರಾಹಕ ಎಡವುವ ಸಾಧ್ಯತೆ ಹೆಚ್ಚಾಗಿರುವುದೂ ಇದೇ ಬೆಲೆಯ ವರ್ಗದಲ್ಲಿ. ಎರಡು ಲಕ್ಷ ರೂಪಾಯಿಯ ಲ್ಯಾಪ್‌ಟಾಪಿನಲ್ಲಿ ಬಹುತೇಕ ಎಲ್ಲ ಭಾಗಗಳೂ ಉತ್ತಮವಾಗಿಯೇ ಇರುತ್ತವೆ. 65 ಸಾವಿರದ ಯಂತ್ರದಲ್ಲಿ ತಯಾರಕರು ಎಲ್ಲೋ ಒಂದು ಕಡೆ ಖರ್ಚು ಉಳಿಸಿಯೇ ಇರುತ್ತಾರೆ. ಎಲ್ಲಿ ಉಳಿಸಿದ್ದಾರೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅದನ್ನು ಗ್ರಾಹಕನೇ ಹುಡುಕಿಕೊಳ್ಳಬೇಕು.

ಹುಡುಕುವಾಗ ಒಂದೇ ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು. ಮುಂದೆ ಬದಲಿಸಲಾಗದ ಭಾಗಗಳಿಗೆ ಹಣದ ಮೊದಲ ಪಾಲು ಸಲ್ಲಬೇಕು. ಬೇಕಾದಾಗ ಬದಲಿಸಬಹುದಾದ ಭಾಗಗಳಿಗೆ ಉಳಿದದ್ದು. ಉಳಿದೆಲ್ಲ ಸಲಹೆಗಳೂ ಈ ಸೂತ್ರದಿಂದಲೇ ಹೊರಡುತ್ತವೆ.

ಮೊದಲ ಪ್ರಶ್ನೆ: ಯಾವ ಆಟ?

ಯಂತ್ರವನ್ನು ನೋಡುವ ಮೊದಲು ಆಡಬೇಕೆಂದಿರುವ ಆಟಗಳ ಪಟ್ಟಿ ಮಾಡಿಕೊಳ್ಳುವುದು ಒಳಿತು. ಆಟಗಳೆಲ್ಲವೂ ಒಂದೇ ಬಗೆಯ ಶಕ್ತಿಯನ್ನು ಬೇಡುವುದಿಲ್ಲ. 2020ರಲ್ಲಿ ಬಿಡುಗಡೆಯಾದ ವ್ಯಾಲೊರಂಟ್ ಆಟವನ್ನು ಹಳೆಯ ಸಾಧಾರಣ ಗಣಕಗಳಲ್ಲೂ ಓಡುವಂತೆಯೇ ರೂಪಿಸಲಾಗಿದೆ. ಅದರ ಕನಿಷ್ಠ ಅರ್ಹತೆಯ ಪಟ್ಟಿಯ ಪ್ರಕಾರ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಕಡ್ಡಾಯವಲ್ಲ. ಪ್ರಾಸೆಸರ್‌ನೊಳಗೇ ಅಡಕವಾಗಿರುವ ಇಂಟೆಲ್ ಎಚ್‌ಡಿ 4000 ಸಾಕು. ಕೇವಲ ಇಂತಹ ಆಟಗಳನ್ನಾಡುವವರು ಗೇಮಿಂಗ್ ಎಂಬ ಹೆಸರಿಗಾಗಿ 15 ಸಾವಿರ ಹೆಚ್ಚು ತೆರುವ ಅಗತ್ಯವಿಲ್ಲ. ಉತ್ತಮ ಅಂತರ್ಗತ ಗ್ರಾಫಿಕ್ಸ್ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಅವರ ಕೆಲಸವನ್ನು ಪೂರೈಸುತ್ತದೆ. ಬಿಜಿಎಂಐ ಆಡುವವರಿಗಂತೂ ಅದು ಮೊಬೈಲಿಗೆಂದೇ ಸಿದ್ಧಪಡಿಸಿದ ಆಟವೆಂಬುದನ್ನು ನೆನಪಿಸಬೇಕಾಗುತ್ತದೆ.

ಎರಡನೆಯ ಗುಂಪಿನಲ್ಲಿ ವಿಶಾಲ ಲೋಕಗಳನ್ನು ಕಟ್ಟಿಕೊಡುವ ಕಥಾಪ್ರಧಾನ ಆಟಗಳಿವೆ. 2015ರಲ್ಲಿ ಗಣಕಕ್ಕೆ ಬಂದ ಜಿಟಿಎ 5, 2019ರಲ್ಲಿ ಬಂದ ರೆಡ್ ಡೆಡ್ ರಿಡೆಂಪ್ಶನ್ 2, 2020ರ ಸೈಬರ್‌ಪಂಕ್ 2077 ಈ ಸಾಲಿಗೆ ಸೇರುತ್ತವೆ. ಇವುಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕೇ ಬೇಕು. ಆದರೆ ದೃಶ್ಯದ ಗುಣಮಟ್ಟವನ್ನು ಮಧ್ಯಮಕ್ಕಿಳಿಸಿದರೆ ಮಿತ ಬೆಲೆಯ ಚಿಪ್‌ಗಳೂ ಇವನ್ನು ನಿಭಾಯಿಸುತ್ತವೆ.

ಮೂರನೆಯ ಗುಂಪು ಹೊಸ ತಲೆಮಾರಿನದು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಹಾಗೂ 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಆಟಗಳು ರೇ ಟ್ರೇಸಿಂಗ್ ಸಾಮರ್ಥ್ಯವಿರುವ ಚಿಪ್ ಇಲ್ಲದೆ ಓಡುವುದೇ ಇಲ್ಲ. ಬೆಳಕಿನ ಕಿರಣ ವಸ್ತುಗಳಿಗೆ ಬಡಿದು ಚದುರುವ ಬಗೆಯನ್ನು ಲೆಕ್ಕ ಹಾಕಿ ದೃಶ್ಯ ರಚಿಸುವ ವಿಧಾನವೇ ರೇ ಟ್ರೇಸಿಂಗ್. ಈ ಎರಡು ಆಟಗಳ ಕನಿಷ್ಠ ಅರ್ಹತೆಯ ಪಟ್ಟಿಯಲ್ಲಿ 8 ಜಿಬಿ ಗ್ರಾಫಿಕ್ಸ್ ಮೆಮೊರಿಯ ಬೇಡಿಕೆಯೂ ಇದೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಬಹುಕಾಲ ರಾರಾಜಿಸಿದ 2019ರ ಜಿಟಿಎಕ್ಸ್ 1650 ಚಿಪ್ ಇಲ್ಲಿ ಬಾಗಿಲಿನಲ್ಲೇ ಉಳಿಯುತ್ತದೆ. ಹೊಸ ಆಟಗಳ ಆಸೆಯಿರುವವರು ಮಳಿಗೆಯ ಮೂಲೆಯಲ್ಲಿ ರಿಯಾಯಿತಿಗೆ ಸಿಗುವ ಜಿಟಿಎಕ್ಸ್ ಯಂತ್ರಗಳಿಂದ ದೂರವಿರುವುದೇ ಲೇಸು.

ಹೆಸರು ಒಂದೇ, ಶಕ್ತಿ ಬೇರೆ

ಗೇಮಿಂಗ್ ಲ್ಯಾಪ್‌ಟಾಪಿನ ಹೃದಯ ಅದರ ಗ್ರಾಫಿಕ್ಸ್ ಚಿಪ್. ಈ ಬೆಲೆಯಲ್ಲಿ ಸಿಗುವವು ಹೆಚ್ಚಾಗಿ ಎನ್ವಿಡಿಯಾ ಕಂಪನಿಯವು: ಆರ್‌ಟಿಎಕ್ಸ್ 2050, 3050 ಮತ್ತು ರಿಯಾಯಿತಿಯ ದಿನಗಳಲ್ಲಿ ಕೈಗೆಟುಕುವ 4050. ಗ್ರಾಹಕರು ಸಾಮಾನ್ಯವಾಗಿ ಈ ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಒಂದೇ ಹೆಸರಿನ ಚಿಪ್‌ಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರು ತಮ್ಮ ವಿನ್ಯಾಸಕ್ಕೆ ತಕ್ಕಂತೆ ನಿರ್ಧರಿಸುತ್ತಾರೆ. 2021ರಲ್ಲಿ ಬಂದ ಆರ್‌ಟಿಎಕ್ಸ್ 3050ಕ್ಕೆ 35 ವ್ಯಾಟ್‌ನಿಂದ 80 ವ್ಯಾಟ್‌ವರೆಗೆ ಯಾವ ಮಟ್ಟವನ್ನಾದರೂ ನಿಗದಿಪಡಿಸಲು ಅವಕಾಶವಿದೆ. 2023ರ ಆರ್‌ಟಿಎಕ್ಸ್ 4050 ಮತ್ತು 4060 ಚಿಪ್‌ಗಳಲ್ಲಿ ಈ ಅಂತರ 35ರಿಂದ 115 ವ್ಯಾಟ್. ತೆಳ್ಳಗಿನ ಸೊಗಸಾದ ಯಂತ್ರದಲ್ಲಿ ಶಾಖ ಹೊರಹೋಗಲು ಜಾಗವಿಲ್ಲದ ಕಾರಣ ಕಡಿಮೆ ವ್ಯಾಟ್ ಕೊಡಲಾಗುತ್ತದೆ; ದಪ್ಪನೆಯ ಯಂತ್ರದಲ್ಲಿ ಹೆಚ್ಚು. ಹೊರಗಿನ ಚೀಟಿಯ ಮೇಲೆ ಮಾತ್ರ ಎರಡರಲ್ಲೂ ಅದೇ ಹೆಸರು. ಕಡಿಮೆ ವ್ಯಾಟ್‌ನ ಮಟ್ಟದಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಾಣುತ್ತದೆ. 40 ವ್ಯಾಟ್‌ನ ಚಿಪ್‌ಗೂ 75 ವ್ಯಾಟ್‌ನ ಚಿಪ್‌ಗೂ ಆಟದಲ್ಲಿ ಇರುವ ಅಂತರವನ್ನು ಯಾರಾದರೂ ಗುರುತಿಸಬಲ್ಲರು. ಸೊರಗಿದ 4050ರ ಬದಲು ಗಟ್ಟಿಯಾಗಿ ದುಡಿಯುವ 3050 ಸಾಕೆನಿಸುವ ಸಂದರ್ಭವೂ ಬರಬಹುದು.

ಈ ಅಂಕಿಯನ್ನು ಟಿಜಿಪಿ ಎಂಬ ಹೆಸರಿನಲ್ಲಿ ಬಹಳಷ್ಟು ತಯಾರಕರು ತಮ್ಮ ಅಂತರಜಾಲ ತಾಣದ ವಿವರಪಟ್ಟಿಯಲ್ಲಿ ನೀಡುತ್ತಾರೆ. ಮಳಿಗೆಯಲ್ಲಿ ಯಂತ್ರ ಚಾಲೂ ಇದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಮಾಹಿತಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ವಿದ್ಯುತ್ ಎಷ್ಟೆಂದು ನೋಡಬಹುದು. ಎರಡು ನಿಮಿಷದ ಈ ಕೆಲಸ ಹತ್ತು ಸಾವಿರ ರೂಪಾಯಿಯ ತಪ್ಪನ್ನು ತಪ್ಪಿಸಬಲ್ಲದು.

ಹೆಸರಿನ ಗೊಂದಲ ವ್ಯಾಟ್‌ಗಷ್ಟೇ ಸೀಮಿತವಲ್ಲ. ಆರ್‌ಟಿಎಕ್ಸ್ 2050 ಮತ್ತು 4 ಜಿಬಿಯ 3050 ಎರಡರಲ್ಲೂ ಲೆಕ್ಕ ಮಾಡುವ ಘಟಕಗಳ ಸಂಖ್ಯೆ 2048. ಆದರೆ 3050ರಲ್ಲಿ ಮೆಮೊರಿಗೆ ಹೋಗಿ ಬರುವ ದಾರಿ 128 ಬಿಟ್ ಅಗಲದ್ದಾದರೆ, 2050ರಲ್ಲಿ ಅದರ ಅರ್ಧ. ಕಾರ್ಮಿಕರು ಅಷ್ಟೇ ಇದ್ದರೂ ಸರಕು ಬರುವ ರಸ್ತೆ ಕಿರಿದಾದಂತೆ. ಇನ್ನು 3050 ಎಂಬ ಹೆಸರಿನಲ್ಲೇ ಎರಡು ಚಿಪ್‌ಗಳಿವೆ. 2021ರದ್ದು 4 ಜಿಬಿ ಮೆಮೊರಿಯದು. 2023ರಲ್ಲಿ ಬಂದದ್ದು 6 ಜಿಬಿ ಮೆಮೊರಿ ಮತ್ತು 2560 ಘಟಕಗಳುಳ್ಳದ್ದು. ಹಾಗೆಯೇ ಮೇಜಿನ ಮೇಲಿನ ಗಣಕದ ಚಿಪ್‌ಗೂ ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೂ ಹೋಲಿಕೆ ಸಲ್ಲದು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 5888 ಘಟಕಗಳು ಮತ್ತು 12 ಜಿಬಿ ಮೆಮೊರಿ ಇದ್ದರೆ, ಲ್ಯಾಪ್‌ಟಾಪಿನ 4070ರಲ್ಲಿ ಇರುವುದು 4608 ಘಟಕಗಳು ಮತ್ತು 8 ಜಿಬಿ. ಯೂಟ್ಯೂಬ್‌ನಲ್ಲಿ ಡೆಸ್ಕ್‌ಟಾಪ್ ಪರೀಕ್ಷೆಗಳನ್ನು ನೋಡಿ ಲ್ಯಾಪ್‌ಟಾಪ್ ಕೊಂಡವರು ಆಮೇಲೆ ನಿರಾಶರಾಗುವುದಕ್ಕೆ ಇದೇ ಕಾರಣ.

ಸರಣಿಯ ಹೆಸರನ್ನು ನಂಬುವುದೂ ಸಾಲದು. ಏಸರ್‌ನ ನೈಟ್ರೊ, ಏಸುಸ್‌ನ ಟಫ್, ಎಚ್‌ಪಿಯ ವಿಕ್ಟಸ್, ಲೆನೊವೊದ ಎಲ್‌ಒಕ್ಯು, ಎಂಎಸ್‌ಐನ ಥಿನ್ ಮುಂತಾದ ಸರಣಿಗಳು ಈ ಬೆಲೆಯ ಮಾರುಕಟ್ಟೆಗೆಂದೇ ಇರುವವು. ಆದರೆ ಒಂದೊಂದು ಸರಣಿಯಲ್ಲೂ ಬೇರೆ ಬೇರೆ ಚಿಪ್, ಬೇರೆ ಬೇರೆ ಪರದೆ, ಬೇರೆ ಬೇರೆ ವ್ಯಾಟ್‌ನ ಹತ್ತಾರು ಮಾದರಿಗಳಿರುತ್ತವೆ. ಸ್ನೇಹಿತನ ಬಳಿ ಚೆನ್ನಾಗಿ ಓಡುತ್ತಿದೆಯೆಂದು ಅದೇ ಸರಣಿಯ ಮತ್ತೊಂದನ್ನು ತಂದರೆ ಅದೇ ಫಲ ಸಿಗಬೇಕೆಂದಿಲ್ಲ. ಯಂತ್ರದ ತಳದಲ್ಲಿ ಮುದ್ರಿತವಾಗಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ತಾಣದಲ್ಲಿ ತಾಳೆ ನೋಡುವುದು ಕ್ಷೇಮ.

ನಾಲ್ಕು ಜಿಬಿಯ ಗೋಡೆ

ಗ್ರಾಫಿಕ್ಸ್ ಚಿಪ್‌ಗೆ ತನ್ನದೇ ಆದ ಮೆಮೊರಿ ಇರುತ್ತದೆ. ಆಟದಲ್ಲಿ ಕಾಣುವ ಗೋಡೆ, ಮರ, ಮುಖ, ಬಟ್ಟೆ ಎಲ್ಲದರ ಚಿತ್ರಗಳೂ ಮೊದಲು ಇಲ್ಲಿಗೆ ಬಂದು ಕೂರಬೇಕು. ಈ ಜಾಗ ತುಂಬಿದಾಗ ಹೆಚ್ಚಿನದನ್ನು ಗಣಕದ ಸಾಮಾನ್ಯ ಮೆಮೊರಿಯಿಂದ ಎರವಲು ತರಬೇಕಾಗುತ್ತದೆ. ಆ ದಾರಿ ಬಹಳ ನಿಧಾನವಾದ್ದರಿಂದ ಆಟ ತಡವರಿಸುತ್ತದೆ. ಸರಾಗವಾಗಿ ಸಾಗುತ್ತಿದ್ದ ದೃಶ್ಯ ಕ್ಷಣಕಾಲ ನಿಂತು ಮತ್ತೆ ಚಲಿಸುತ್ತದೆ.

ಹಳೆಯ ಆಟಗಳಿಗೆ 4 ಜಿಬಿ ಸಾಕಾಗುತ್ತದೆ. ಹೊಸ ಆಟಗಳಲ್ಲಿ ಅದು ಬೇಗ ಎದುರಾಗುವ ಗೋಡೆ. ಇಂದಿನ ಆಟಗಳಿಗೆ 6 ಜಿಬಿ ನೆಮ್ಮದಿಯ ಕೆಳಗಿನ ಮಿತಿ. 8 ಜಿಬಿ ಸಿಕ್ಕರೆ ಮೂರು ನಾಲ್ಕು ವರ್ಷಗಳ ಮಟ್ಟಿಗೆ ಚಿಂತೆ ಕಡಿಮೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5050 ಲ್ಯಾಪ್‌ಟಾಪ್ ಚಿಪ್‌ಗೆ 8 ಜಿಬಿ ಇದೆ. ಬಜೆಟ್ ತುಸು ಹಿಗ್ಗಿಸಬಲ್ಲವರು ಅದನ್ನೂ ಗಮನಿಸಬಹುದು. ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಈ ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸೆದಿರಲಾಗುತ್ತದೆ. ಮುಂದೆ ಯಾವ ಮೆಕ್ಯಾನಿಕ್ ಬಳಿಗೆ ಹೋದರೂ ಅದನ್ನು ಹೆಚ್ಚಿಸಲಾಗದು.

ಕೊರತೆಯನ್ನು ಒಂದಿಷ್ಟು ಮುಚ್ಚಲು ತಂತ್ರಾಂಶದ ನೆರವಿದೆ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರದಲ್ಲಿ ಆಟವನ್ನು ಕಡಿಮೆ ಗಾತ್ರದಲ್ಲಿ ರಚಿಸಿ ನಂತರ ಹಿಗ್ಗಿಸಲಾಗುತ್ತದೆ. ಆರ್‌ಟಿಎಕ್ಸ್ ಎಂಬ ಹೆಸರಿನ ಎಲ್ಲ ಚಿಪ್‌ಗಳಿಗೂ ಈ ಸೌಲಭ್ಯವಿದೆ; ಜಿಟಿಎಕ್ಸ್‌ಗೆ ಇಲ್ಲ. ಆದರೆ ನಡುನಡುವೆ ಹೊಸ ಫ್ರೇಮ್‌ಗಳನ್ನು ಕಲ್ಪಿಸಿ ಸೇರಿಸುವ ಎನ್ವಿಡಿಯಾದ ಸೌಲಭ್ಯ 40ರ ಸರಣಿಯಿಂದ ಮಾತ್ರ ಲಭ್ಯ. ಜಾಹೀರಾತುಗಳಲ್ಲಿ ಕಾಣುವ ಭಾರಿ ಫ್ರೇಮ್ ಸಂಖ್ಯೆಗಳು ಹಲವು ವೇಳೆ ಇಂತಹ ಕಲ್ಪಿತ ಫ್ರೇಮ್‌ಗಳನ್ನೂ ಸೇರಿಸಿಕೊಂಡವು ಎಂಬ ಎಚ್ಚರ ಇರಬೇಕು.

ಬದಲಿಸಬಹುದಾದವು, ಬದಲಿಸಲಾಗದವು

ಈಗ ಮೊದಲು ಹೇಳಿದ ಸೂತ್ರಕ್ಕೆ ಮರಳಬಹುದು. ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್, ಪ್ರಾಸೆಸರ್, ಶಾಖ ಹೊರಹಾಕುವ ವ್ಯವಸ್ಥೆ ಇವು ಕೊಂಡ ದಿನ ಹೇಗಿವೆಯೋ ಕೊನೆಯ ದಿನವೂ ಹಾಗೆಯೇ. ಪರದೆಯನ್ನು ಬದಲಿಸಬಹುದಾದರೂ ದುಬಾರಿ. ರ‍್ಯಾಮ್ ಮತ್ತು ಸಂಗ್ರಹಣೆಯ ಎಸ್‌ಎಸ್‌ಡಿಗಳನ್ನು ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ತಳದ ಮುಚ್ಚಳ ತೆಗೆದು ಸುಲಭವಾಗಿ ಬದಲಿಸಬಹುದು.

ಮಾರಾಟಗಾರರು ಮಾಡುವುದು ಇದರ ವಿರುದ್ಧ. 16 ಜಿಬಿ ರ‍್ಯಾಮ್, 1 ಟಿಬಿ ಸಂಗ್ರಹಣೆ ಎಂಬ ದೊಡ್ಡ ಅಂಕಿಗಳನ್ನು ಮುಂದಿಟ್ಟು 4 ಜಿಬಿಯ ಸೊರಗಿದ ಗ್ರಾಫಿಕ್ಸ್ ಚಿಪ್ಪನ್ನು ಹಿಂದೆ ಅಡಗಿಸುತ್ತಾರೆ. ಒಂದೇ ಬೆಲೆಗೆ ಎರಡು ಯಂತ್ರಗಳಿವೆ ಎಂದುಕೊಳ್ಳೋಣ. ಒಂದರಲ್ಲಿ 4 ಜಿಬಿಯ 3050, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಇನ್ನೊಂದರಲ್ಲಿ ಹೆಚ್ಚು ವ್ಯಾಟ್‌ನ 6 ಜಿಬಿಯ ಚಿಪ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಎರಡನೆಯದೇ ಜಾಣ ಆಯ್ಕೆ. ಅದರ ಕೊರತೆಗಳನ್ನು ವರ್ಷದ ನಂತರ ತುಂಬಿಕೊಳ್ಳಬಹುದು. ಮೊದಲನೆಯದರ ಕೊರತೆಯನ್ನು ಎಂದಿಗೂ ತುಂಬಲಾಗದು.

ಈ ಸಲಹೆಗೆ ಇತ್ತೀಚೆಗೆ ಒಂದು ತಿದ್ದುಪಡಿ ಬೇಕಾಗಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಭಾರಿ ಪ್ರಮಾಣದಲ್ಲಿ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಕ್ರೂಷಿಯಲ್ ಎಂಬ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯವಹಾರದಿಂದಲೇ ಹೊರನಡೆಯುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಾಗಿ 'ರ‍್ಯಾಮ್ ಆಮೇಲೆ ಹಾಕಿಸಿಕೊಳ್ಳೋಣ' ಎನ್ನುವ ಮುನ್ನ ಅಂದಿನ ಬೆಲೆಯನ್ನು ವಿಚಾರಿಸಿ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಉಳಿದೆಲ್ಲ ಸಮಾನವಾಗಿದ್ದು 16 ಜಿಬಿಯ ಯಂತ್ರಕ್ಕೆ ಬಿಡಿ ರ‍್ಯಾಮ್‌ನ ಬೆಲೆಗಿಂತ ಕಡಿಮೆ ಹೆಚ್ಚುವರಿ ಕೇಳಿದರೆ ಅದನ್ನೇ ಕೊಳ್ಳುವುದು ಲಾಭ. ಆದರೆ ರ‍್ಯಾಮ್‌ಗಾಗಿ ಗ್ರಾಫಿಕ್ಸ್ ಚಿಪ್ಪನ್ನು ಬಲಿಕೊಡುವುದು ಈಗಲೂ ಸರಿಯಲ್ಲ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಆಟಕ್ಕೆ ಉತ್ತಮ. ಎರಡು ಕಡ್ಡಿಗಳಿದ್ದಾಗ ಪ್ರಾಸೆಸರ್ ಎರಡು ದಾರಿಗಳಿಂದ ಏಕಕಾಲಕ್ಕೆ ಮಾಹಿತಿ ಪಡೆಯುತ್ತದೆ. ಪ್ರಾಸೆಸರ್‌ನೊಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡ ಯಂತ್ರಗಳಲ್ಲಂತೂ ಈ ವ್ಯತ್ಯಾಸ ದೊಡ್ಡದು. ಕೊಳ್ಳುವ ಮುನ್ನ ರ‍್ಯಾಮ್‌ಗೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಖಾಲಿ ಇವೆ, ಬೆಸೆದ ರ‍್ಯಾಮ್ ಏನಾದರೂ ಇದೆಯೇ ಎಂದು ಕೇಳಬೇಕು. ಎರಡನೆಯ ಎಸ್‌ಎಸ್‌ಡಿಗೆ ಜಾಗವಿದೆಯೇ ಎಂಬುದೂ ಮುಖ್ಯ. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ ಆಟಕ್ಕೆ 150 ಜಿಬಿ ಬೇಕು. 512 ಜಿಬಿಯಲ್ಲಿ ವಿಂಡೋಸ್ ಮತ್ತು ಓದಿನ ತಂತ್ರಾಂಶಗಳು ಕುಳಿತ ಮೇಲೆ ಇಂತಹ ಎರಡು ಆಟಗಳಿಗಷ್ಟೇ ಜಾಗ ಉಳಿಯುತ್ತದೆ.

ಪ್ರಾಸೆಸರ್: ಅಕ್ಷರ ನೋಡಿ, ಅಂಕಿಯಲ್ಲ

ಪ್ರಾಸೆಸರ್ ವಿಚಾರದಲ್ಲಿ ಐ5, ಐ7 ಎಂಬ ಹೆಸರಿಗಿಂತ ಕೊನೆಯ ಅಕ್ಷರ ಹೆಚ್ಚು ಹೇಳುತ್ತದೆ. ಯು ಎಂಬ ಅಕ್ಷರವಿದ್ದರೆ ಅದು ಬ್ಯಾಟರಿ ಉಳಿಸಲೆಂದು ರೂಪಿಸಿದ ಮಂದಗತಿಯ ಬಗೆ. ಎಚ್, ಎಚ್‌ಎಸ್ ಅಥವಾ ಎಚ್‌ಎಕ್ಸ್ ಇದ್ದರೆ ಹೆಚ್ಚು ವಿದ್ಯುತ್ ಬಳಸಿ ಬಿರುಸಾಗಿ ದುಡಿಯುವ ಬಗೆ. 2022ರಲ್ಲಿ ಬಂದ ಇಂಟೆಲ್ ಐ5-12450ಎಚ್ ಪ್ರಾಸೆಸರ್‌ನ ಎಂಟು ಕೋರ್‌ಗಳು ಈ ಬೆಲೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಸರಿಜೋಡಿಯಾಗಬಲ್ಲವು. ಇದಕ್ಕಿಂತ ದುಬಾರಿ ಐ7ಕ್ಕೆ ಸುರಿಯುವ ಹಣವನ್ನು ಗ್ರಾಫಿಕ್ಸ್‌ಗೆ ವರ್ಗಾಯಿಸಿದರೆ ಆಟದಲ್ಲಿ ಹೆಚ್ಚು ಫಲ.

ಎಎಂಡಿ ರೈಜೆನ್ 7000 ಸರಣಿಯ ಲ್ಯಾಪ್‌ಟಾಪ್ ಪ್ರಾಸೆಸರ್‌ಗಳಲ್ಲಿ ಸಂಖ್ಯೆಯೇ ಒಂದು ಒಗಟು. ಅಲ್ಲಿ ಮೊದಲ ಅಂಕಿ ಮಾದರಿಯ ವರ್ಷವನ್ನು ಸೂಚಿಸಿದರೆ ಮೂರನೆಯ ಅಂಕಿ ಒಳಗಿನ ತಂತ್ರಜ್ಞಾನದ ತಲೆಮಾರನ್ನು ಸೂಚಿಸುತ್ತದೆ. 7520ಯು ಹೊಸದೆಂದು ತೋರಿದರೂ ಅದರ ಒಳಗಿರುವುದು ಝೆನ್ 2 ಎಂಬ ಹಳೆಯ ವಿನ್ಯಾಸ. 7535ಎಚ್‌ಎಸ್‌ನಲ್ಲಿರುವುದು ಝೆನ್ 3 ಪ್ಲಸ್. 7640ಎಚ್‌ಎಸ್‌ನಲ್ಲಿ ಝೆನ್ 4. ಮೂರನೆಯ ಅಂಕಿ 2 ಆಗಿರುವ ಪ್ರಾಸೆಸರ್ ಆಟಕ್ಕೆ ಯೋಗ್ಯವಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಆಯ್ಕೆ ಓದಿನಲ್ಲೂ ನೆರವಾಗುತ್ತದೆ. ಮೂರು ಆಯಾಮದ ವಿನ್ಯಾಸ, ವಿಡಿಯೊ ಸಂಕಲನ, ಯಂತ್ರಕಲಿಕೆಯ ಪ್ರಯೋಗಗಳಿಗೆ ಬಳಸುವ ಹಲವು ತಂತ್ರಾಂಶಗಳು ಎನ್ವಿಡಿಯಾದ ಕುಡಾ ವ್ಯವಸ್ಥೆಯನ್ನು ಆಧರಿಸಿವೆ. ಅಲ್ಲಿಯೂ ಗ್ರಾಫಿಕ್ಸ್ ಮೆಮೊರಿ ಹೆಚ್ಚಿದ್ದಷ್ಟೂ ಅನುಕೂಲ. ಮನೆಯ ಹಿರಿಯರಿಗೆ ಒಪ್ಪಿಸುವಾಗ ಈ ವಾದ ಸುಳ್ಳಲ್ಲ.

ಪರದೆಯಲ್ಲಿ ಅಡಗಿದ ಉಳಿತಾಯ

ಮಿತ ಬೆಲೆಯ ಯಂತ್ರಗಳಲ್ಲಿ ತಯಾರಕರ ಕತ್ತರಿ ಹೆಚ್ಚಾಗಿ ಪರದೆಯ ಮೇಲೆ ಆಡುತ್ತದೆ. 144 ಹರ್ಟ್ಸ್ ಎಂಬುದನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಲಾಗುತ್ತದೆ. ಅದರ ಅರ್ಥ, ಪರದೆ ಸೆಕೆಂಡಿಗೆ 144 ಬಾರಿ ಹೊಸ ಚಿತ್ರ ತೋರಿಸಬಲ್ಲದು ಎಂದು. ಸಾಮಾನ್ಯ 60 ಹರ್ಟ್ಸ್ ಪರದೆಯಲ್ಲಿ ಚಿತ್ರ ಬದಲಾಗಲು ಸುಮಾರು 16.7 ಮಿಲಿಸೆಕೆಂಡ್ ಬೇಕಾದರೆ ಇಲ್ಲಿ ಸುಮಾರು 6.9 ಸಾಕು. ವೇಗದ ಗುರಿಯಾಟಗಳಲ್ಲಿ ಇದರ ಪ್ರಯೋಜನ ನಿಜವಾಗಿಯೂ ಇದೆ. ಆದರೆ ಅಷ್ಟು ಚಿತ್ರಗಳನ್ನು ಚಿಪ್ ಸಿದ್ಧಪಡಿಸಿ ಕೊಟ್ಟಾಗ ಮಾತ್ರ. ಸೈಬರ್‌ಪಂಕ್‌ನಂತಹ ಆಟದಲ್ಲಿ ಈ ಬೆಲೆಯ ಯಂತ್ರ ಆ ಮಟ್ಟ ಮುಟ್ಟುವುದು ಕಷ್ಟ.

ಸಣ್ಣಕ್ಷರಗಳಲ್ಲಿ ಇರುವುದು ಬಣ್ಣದ ವ್ಯಾಪ್ತಿ. 45 ಪ್ರತಿಶತ ಎನ್‌ಟಿಎಸ್‌ಸಿ ಎಂದಿದ್ದರೆ ಅದು ಅಂತರಜಾಲದಲ್ಲಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಬಣ್ಣಗಳ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸಬಲ್ಲ ಪರದೆ. ಚರ್ಮದ ಬಣ್ಣ, ಸೂರ್ಯಾಸ್ತದ ಕೆಂಪು ಎಲ್ಲವೂ ಮಾಸಿದಂತೆ ಕಾಣುತ್ತವೆ. ಶೇಕಡಾ 100 ಎಸ್‌ಆರ್‌ಜಿಬಿ ಅಥವಾ 72 ಪ್ರತಿಶತ ಎನ್‌ಟಿಎಸ್‌ಸಿ ಎಂದಿದ್ದರೆ ಒಳ್ಳೆಯದು. ಬೆಳಕಿನ ಮಟ್ಟ 250 ನಿಟ್ಸ್ ಇದ್ದರೆ ಕೋಣೆಯೊಳಗೆ ಸಾಕು. ಕಿಟಕಿಯ ಪಕ್ಕ ಕುಳಿತರೆ ಮಂಕಾಗುತ್ತದೆ. ಚಿತ್ರವಿನ್ಯಾಸ ಕಲಿಯುವವರು ಪರದೆಗೆ ಹೆಚ್ಚು ಗಮನ ಕೊಡಬೇಕು. ಕೇವಲ ಆಡುವವರು ಇಲ್ಲಿ ರಾಜಿ ಮಾಡಿಕೊಂಡು, ಮುಂದೆ ಹಣ ಕೂಡಿದಾಗ ಹೊರಗಿನ ಮಾನಿಟರ್ ಜೋಡಿಸಿಕೊಳ್ಳಬಹುದು.

ವಿವರಪಟ್ಟಿಯಲ್ಲಿ ಮಕ್ಸ್ ಸ್ವಿಚ್ ಎಂಬ ಪದ ಕಂಡರೆ ಅದೊಂದು ಗುಣ. ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ ರಚಿಸಿದ ಚಿತ್ರ ಪ್ರಾಸೆಸರ್‌ನೊಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿಕೊಂಡು ಪರದೆಗೆ ತಲುಪುತ್ತದೆ. ಈ ಸ್ವಿಚ್ ಇದ್ದರೆ ನೇರ ಸಂಪರ್ಕ ಸಾಧ್ಯವಾಗಿ ಆಟದ ವೇಗ ತುಸು ಹೆಚ್ಚುತ್ತದೆ.

ಶಾಖವೆಂಬ ಶತ್ರು

ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಪುಸ್ತಕದಷ್ಟು ಜಾಗದಲ್ಲಿ ನೂರಕ್ಕೂ ಹೆಚ್ಚು ವ್ಯಾಟ್ ಶಾಖವನ್ನು ಹೊರಹಾಕಬೇಕಾದ ಯಂತ್ರ. ಶಾಖ ಮಿತಿ ಮೀರಿದರೆ ಚಿಪ್ ತನ್ನನ್ನು ರಕ್ಷಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಮಳಿಗೆಯ ಹವಾನಿಯಂತ್ರಿತ ಕೋಣೆಯಲ್ಲಿ ಐದು ನಿಮಿಷ ಚೆನ್ನಾಗಿ ಓಡಿದ ಆಟ ಮನೆಯಲ್ಲಿ ಅರ್ಧ ಗಂಟೆಯ ನಂತರ ಕುಂಟುವುದು ಇದರಿಂದಲೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಈ ಸಮಸ್ಯೆ ಬೆಂಗಳೂರಿಗಿಂತ ಹೆಚ್ಚು ಕಾಡುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಪ್ರಯೋಜನ ಕಡಿಮೆ.

ಆದ್ದರಿಂದ ಮಿತ ಬಜೆಟ್ಟಿನಲ್ಲಿ ತೆಳ್ಳಗಿನ ಯಂತ್ರದ ಮೋಹ ಬಿಡಬೇಕು. ಎರಡು ಫ್ಯಾನ್‌ಗಳು, ಹಿಂಬದಿ ಮತ್ತು ಪಕ್ಕಗಳಲ್ಲಿ ಅಗಲವಾದ ಗಾಳಿಕಿಂಡಿಗಳು, ಎರಡು ಕಿಲೊ ಮೀರಿದ ತೂಕ ಇವು ಇಲ್ಲಿ ದೋಷಗಳಲ್ಲ. ಬಳಸುವಾಗ ಹಾಸಿಗೆಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಬೇಕು. ತಳದ ಕಿಂಡಿಗಳಿಂದಲೇ ಯಂತ್ರ ಗಾಳಿ ಎಳೆದುಕೊಳ್ಳುವುದರಿಂದ ಹಿಂಭಾಗವನ್ನು ಅರ್ಧ ಅಂಗುಲ ಎತ್ತರಿಸಿದರೂ ಲಾಭವಿದೆ. ಧೂಳಿನ ಊರುಗಳಲ್ಲಿ ವರ್ಷಕ್ಕೊಮ್ಮೆ ಫ್ಯಾನ್ ಶುಚಿಗೊಳಿಸುವುದು ಅಗತ್ಯ.

ಬ್ಯಾಟರಿಯ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಅಡಾಪ್ಟರ್ ಕಿತ್ತ ಕೂಡಲೇ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವಿದ್ಯುತ್ ತಗ್ಗಿ ಆಟದ ವೇಗ ಕುಸಿಯುತ್ತದೆ. ಭಾರಿ ಆಟಗಳನ್ನು ಆಡುವುದು ವಿದ್ಯುತ್ ಸಂಪರ್ಕವಿದ್ದಾಗಲೇ ಎಂದು ಮೊದಲೇ ಒಪ್ಪಿಕೊಂಡರೆ ನಿರಾಶೆಯಿಲ್ಲ.

ಹಣದ ಲೆಕ್ಕ

ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ ಶೇ. 18. ಅಂದರೆ 70 ಸಾವಿರ ರೂಪಾಯಿಯ ಯಂತ್ರದಲ್ಲಿ ಸುಮಾರು 10,680 ರೂಪಾಯಿ ತೆರಿಗೆಯೇ ಸೇರಿರುತ್ತದೆ. ಕೆಲವು ಮಳಿಗೆಗಳಲ್ಲಿ ಬಿಲ್ ಇಲ್ಲದೆ ಕಡಿಮೆಗೆ ಕೊಡುವ ಆಮಿಷ ಬರುವುದು ಈ ಮೊತ್ತದಿಂದಲೇ. ಬಿಲ್ ಇಲ್ಲದಿದ್ದರೆ ವಾರಂಟಿಯ ವಿವಾದ ಬಂದಾಗ ಗ್ರಾಹಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬಡ್ಡಿರಹಿತ ಕಂತಿನ ಕೊಡುಗೆಯನ್ನೂ ಲೆಕ್ಕ ಹಾಕಿಯೇ ಒಪ್ಪಬೇಕು. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಈಗಿನ ವ್ಯವಸ್ಥೆಯಲ್ಲಿ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ಕಳೆದು, ಬ್ಯಾಂಕ್ ತನ್ನ ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡುತ್ತದೆ. ಕ್ರೆಡಿಟ್ ಕಾರ್ಡ್ ಕಂತುಗಳಲ್ಲಿ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ಗ್ರಾಹಕನ ಪಾಲಿಗೇ ಬರುತ್ತವೆ. ಒಟ್ಟಿಗೆ ಹಣ ಕೊಟ್ಟರೆ ಸಿಗುವ ರಿಯಾಯಿತಿಯೊಂದಿಗೆ ಹೋಲಿಸಿ ನೋಡುವುದು ಜಾಣತನ.

ಇಡೀ ಬಜೆಟ್ಟನ್ನು ಯಂತ್ರಕ್ಕೇ ಸುರಿಯಬಾರದು. ಟಚ್‌ಪ್ಯಾಡ್ ಹಿಡಿದು ಗುರಿಯಾಟ ಆಡಲಾಗದು. ಮೌಸ್, ಹೆಡ್‌ಫೋನ್, ಗಟ್ಟಿ ಚೀಲ ಇವುಗಳಿಗೆ ಮೂರು ನಾಲ್ಕು ಸಾವಿರ ಎತ್ತಿಡಬೇಕು. ವಾರಂಟಿ ಮನೆಗೆ ಬಂದು ರಿಪೇರಿ ಮಾಡುವ ಬಗೆಯದೋ, ಯಂತ್ರವನ್ನು ಕೇಂದ್ರಕ್ಕೆ ಹೊತ್ತೊಯ್ಯುವ ಬಗೆಯದೋ ಎಂಬುದನ್ನೂ ಕೇಳಬೇಕು. ಅಧಿಕೃತ ಸೇವಾಕೇಂದ್ರ ಊರಿನಲ್ಲಿಲ್ಲದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಹಳೆಯದು ಕೊಳ್ಳಬಹುದೇ?

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳೂ ಸಿಗುತ್ತವೆ. ಬಜೆಟ್ ತೀರಾ ಕಡಿಮೆಯಿದ್ದಾಗ ಇದು ತಳ್ಳಿಹಾಕುವ ದಾರಿಯಲ್ಲ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಲ್ಯಾಪ್‌ಟಾಪ್ ಚಿಪ್‌ಗೆ 6 ಜಿಬಿ ಮೆಮೊರಿ ಮತ್ತು 3840 ಘಟಕಗಳಿವೆ. ಸುಸ್ಥಿತಿಯಲ್ಲಿರುವ ಅಂತಹ ಯಂತ್ರ 4 ಜಿಬಿಯ ಹೊಸ 3050ಕ್ಕಿಂತ ಆಟದಲ್ಲಿ ಮುಂದಿರುತ್ತದೆ.

ಆದರೆ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು. ಕನಿಷ್ಠ 20 ನಿಮಿಷ ಭಾರಿ ಆಟ ಓಡಿಸಿ ವೇಗ ಕುಸಿಯುತ್ತದೆಯೇ ನೋಡಬೇಕು. ವಿಂಡೋಸ್ ನೀಡುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯವನ್ನೂ ಈಗಿನ ಸಾಮರ್ಥ್ಯವನ್ನೂ ಹೋಲಿಸಬೇಕು. ಪರದೆಯ ಕೀಲುಗಳು ಸಡಿಲವಾಗಿವೆಯೇ, ಎಲ್ಲ ಕಿಂಡಿಗಳೂ ಕೆಲಸ ಮಾಡುತ್ತವೆಯೇ ಎಂದು ಪರಿಶೀಲಿಸಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ 11 ಒಪ್ಪುವ ಯಂತ್ರವೇ ಆಗಿರಬೇಕು. ಮೂಲ ಬಿಲ್ ಕೊಡಲೊಪ್ಪದ ಮಾರಾಟಗಾರನಿಂದ ದೂರವಿರಬೇಕು.

ಹಾಸ್ಟೆಲ್‌ಗೆ ಹೋಗದೆ ಮನೆಯಿಂದಲೇ ಕಾಲೇಜಿಗೆ ಹೋಗುವವರು ಡೆಸ್ಕ್‌ಟಾಪನ್ನೂ ಪರಿಗಣಿಸಬಹುದು. ಅಲ್ಲಿ ಗ್ರಾಫಿಕ್ಸ್ ಕಾರ್ಡನ್ನೇ ಮುಂದೆ ಬದಲಿಸುವ ಅವಕಾಶವಿದೆ, ಶಾಖದ ಕಾಟವೂ ಕಡಿಮೆ. ತರಗತಿಗೆ ಹೊತ್ತೊಯ್ಯಲಾಗದು ಎಂಬುದೊಂದೇ ಅದರ ಮಿತಿ. ಹಲವರಿಗೆ ಆ ಮಿತಿಯೇ ನಿರ್ಣಾಯಕ.

ಮಳಿಗೆಯಲ್ಲಿ ಕೇಳಬೇಕಾದ ಆರು ಪ್ರಶ್ನೆಗಳು

* ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ಜಿಬಿ ಮೆಮೊರಿ ಇದೆ? 6 ಜಿಬಿಗಿಂತ ಕಡಿಮೆಯಿದ್ದರೆ ಬೆಲೆಯೂ ಅದಕ್ಕೆ ತಕ್ಕಂತೆ ಕಡಿಮೆಯಿರಬೇಕು.
* ಆ ಚಿಪ್‌ಗೆ ಗರಿಷ್ಠ ಎಷ್ಟು ವ್ಯಾಟ್ ನಿಗದಿಯಾಗಿದೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಪರದೆಯ ಮೇಲೆ ನೋಡಬೇಕು.
* ರ‍್ಯಾಮ್ ಎಷ್ಟು ಕಡ್ಡಿಗಳಲ್ಲಿದೆ, ಖಾಲಿ ಸ್ಲಾಟ್ ಇದೆಯೇ?
* ಎರಡನೆಯ ಎಸ್‌ಎಸ್‌ಡಿಗೆ ಜಾಗವಿದೆಯೇ?
* ಪರದೆಯ ಬಣ್ಣದ ವ್ಯಾಪ್ತಿ ಎಷ್ಟು?
* ವಾರಂಟಿ ಎಷ್ಟು ವರ್ಷ, ಸೇವೆ ಮನೆಬಾಗಿಲಿಗೋ ಕೇಂದ್ರದಲ್ಲೋ?

ಮೊದಲ ಎರಡು ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಗದಿದ್ದರೆ ಉಳಿದ ನಾಲ್ಕನ್ನು ಕೇಳುವ ಅಗತ್ಯವೇ ಇಲ್ಲ. ಹಬ್ಬದ ರಿಯಾಯಿತಿ ಇಂದೇ ಕೊನೆ ಎಂಬ ಅವಸರಕ್ಕೂ ಮಣಿಯಬೇಕಿಲ್ಲ. ಆಯುಧಪೂಜೆ ಮುಗಿದರೆ ದೀಪಾವಳಿ, ಅದಾದರೆ ಹೊಸ ವರ್ಷ, ಕೊಡುಗೆಗಳು ಮತ್ತೆ ಮತ್ತೆ ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸರಿಯೇ. ಇಲ್ಲಿ ಅದಕ್ಕೆ ಸೇರಿಸಬೇಕಾದದ್ದು ಇಷ್ಟೇ: ಹೊದಿಕೆಯನ್ನು ನಾಳೆ ಬದಲಿಸಿಕೊಳ್ಳಬಹುದು, ಮಂಚವನ್ನು ಮಾತ್ರ ಇಂದೇ ಗಟ್ಟಿಯಾಗಿ ಆರಿಸಿಕೊಳ್ಳಬೇಕು.